ವ್ಯಾಯಾಮದಲ್ಲಿ ವ್ಯಯವಾದುದನ್ನು ಊಟದಲ್ಲಿ ತುಂಬಿಕೊಳ್ಳಬೇಕೆ? : ಒಂದು ಲೆಕ್ಕದ ಇತಿಹಾಸ ಮತ್ತು ವಿಮರ್ಶೆ

೧. ಪ್ರಶ್ನೆಯ ಸ್ವರೂಪ

ದೇಹದ ತೂಕವನ್ನು ಇಳಿಸಬೇಕೆಂದು ಸಂಕಲ್ಪಿಸಿ ಮಿತಾಹಾರವನ್ನು ಕೈಕೊಂಡವನೊಬ್ಬನು ದಿನವೂ ಬೆಳಗ್ಗೆ ಒಂದು ಗಂಟೆಯ ಕಾಲ ನಡೆಯುತ್ತಾನೆ ಎನ್ನೋಣ. ಆ ನಡಿಗೆಯಲ್ಲಿ ಮುನ್ನೂರು ಕ್ಯಾಲೊರಿ ವ್ಯಯವಾಯಿತೆಂದು ಅವನ ಕೈಗಡಿಯಾರವು ತಿಳಿಸುತ್ತದೆ. ಅವನು ತನಗೆ ಗೊತ್ತುಮಾಡಿಕೊಂಡಿದ್ದ ಆಹಾರದ ಮಿತಿಗೆ ಈ ಮುನ್ನೂರನ್ನು ಸೇರಿಸಿ ಅಂದಿನ ದಿನ ಅಷ್ಟು ಹೆಚ್ಚಾಗಿ ಉಣ್ಣಬಹುದೆ? ಅಥವಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೊದಲಿನ ಮಿತಿಯಲ್ಲಿಯೇ ಇರಬೇಕೆ? ಇದು ಇಂದು ಅಧ್ಯಾಪಕರ ಕೊಠಡಿಯಲ್ಲಿಯೂ ವಿದ್ಯಾರ್ಥಿನಿಲಯದ ಭೋಜನಶಾಲೆಯಲ್ಲಿಯೂ ಕೇಳಿಬರುವ ಪ್ರಶ್ನೆ.

ಚರಿತ್ರೆಯ ವಿಭಾಗದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೆಲ್ಲಿ ಎಂಬ ಶಂಕೆ ಸಹಜವಾದುದು. ಅದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದಾಗಿ, ಮನುಷ್ಯನ ದುಡಿಮೆಯನ್ನೂ ಅವನ ಅನ್ನವನ್ನೂ ಒಂದೇ ಮಾನದಿಂದ ಅಳೆಯುವ ಪದ್ಧತಿಗೆ ಸುಮಾರು ಇನ್ನೂರ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಅಧ್ಯಾಯವು ನಮ್ಮ ಬಳ್ಳಾರಿಯ ನೆಲದಲ್ಲಿಯೂ ನಡೆದುಹೋಗಿದೆ. ಎರಡನೆಯದಾಗಿ, ಕೈಗಡಿಯಾರವು ತೋರಿಸುವ ಅಂಕಿಯೂ ಒಂದು ಆಧಾರವೇ ಆಗಿದೆ. ಶಾಸನವನ್ನಾಗಲಿ ದಫ್ತರವನ್ನಾಗಲಿ ಪರಿಶೀಲಿಸುವಾಗ ಅದನ್ನು ಬರೆದವರಾರು, ಯಾವುದನ್ನು ಕಣ್ಣಾರೆ ಕಂಡು ಬರೆದರು, ಯಾವುದನ್ನು ಊಹಿಸಿ ಬರೆದರು ಎಂದು ನಾವು ಹೇಗೆ ಕೇಳುತ್ತೇವೆಯೋ ಹಾಗೆಯೇ ಈ ಅಂಕಿಯನ್ನು ಕುರಿತೂ ಕೇಳಬೇಕಾಗಿದೆ. ಹಾಗೆ ಕೇಳಿದ ಮೇಲೆ ಮೂಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ದೊರೆಯುತ್ತದೆ.

ಇಲ್ಲಿ ಕ್ಯಾಲೊರಿಯೆಂದರೆ ಆಹಾರಶಾಸ್ತ್ರದಲ್ಲಿ ರೂಢಿಯಲ್ಲಿರುವ ದೊಡ್ಡ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾಗುವ ಶಾಖ ಎಂದು ತಿಳಿಯಬೇಕು.

೨. ಉಸಿರಾಟವೂ ದಹನವೂ

ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಲವಾಸಿಯೆ ಎಂಬಾತನು ೧೭೮೦ರ ದಶಕದ ಆರಂಭದಲ್ಲಿ ಗಣಿತಜ್ಞ ಲಾಪ್ಲಾಸನೊಡನೆ ಸೇರಿ ಒಂದು ಪ್ರಯೋಗವನ್ನು ನಡೆಸಿದನು. ಗಿನಿಯಿಲಿಯೊಂದನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿರಿಸಿ, ಅದರ ಮೈಶಾಖಕ್ಕೆ ಕರಗಿದ ಮಂಜನ್ನು ತೂಗಿ, ಅದು ಹೊರಬಿಟ್ಟ ಇಂಗಾಲಾಮ್ಲವನ್ನು ಇದ್ದಿಲು ಉರಿದಾಗ ಹೊರಡುವ ಇಂಗಾಲಾಮ್ಲದೊಡನೆ ಹೋಲಿಸಿದನು. ಉಸಿರಾಟವೆಂಬುದು ಒಂದು ಮಂದವಾದ ದಹನ ಎಂಬ ತತ್ತ್ವವು ಇದರಿಂದ ಸ್ಥಾಪಿತವಾಯಿತು. ಮುಂದೆ ಸೆಗ್ವಾಂ ಎಂಬ ಸಹಾಯಕನೇ ಪ್ರಯೋಗಕ್ಕೆ ಒಳಗಾಗಿ, ಸುಮ್ಮನೆ ಕುಳಿತಾಗ, ಉಂಡಾಗ ಮತ್ತು ಭಾರವನ್ನೆತ್ತಿದಾಗ ಸೇವಿಸುವ ಆಮ್ಲಜನಕದ ಪ್ರಮಾಣಗಳನ್ನು ಅಳೆದರು. ದುಡಿಮೆ ಹೆಚ್ಚಿದಂತೆ ದಹನವೂ ಹೆಚ್ಚುವುದೆಂದು ಕಂಡುಬಂದಿತು.

ಲವಾಸಿಯೆ ಅಲ್ಲಿಗೇ ನಿಲ್ಲಲಿಲ್ಲ. ಮೈಮುರಿದು ದುಡಿಯುವ ಬಡವನ ದೇಹವು ಹೆಚ್ಚಾಗಿ ಉರಿಯುತ್ತದೆ, ಆದುದರಿಂದ ಅವನಿಗೆ ಹೆಚ್ಚು ಅನ್ನ ಬೇಕು. ಲೋಕದಲ್ಲಿಯಾದರೋ ಅನ್ನ ಹೇರಳವಾಗಿರುವುದು ದುಡಿಯದವನ ಮನೆಯಲ್ಲಿ ಎಂಬ ವಿಷಾದವನ್ನು ಅವನು ೧೭೮೯ರ ತನ್ನ ಪ್ರಬಂಧದಲ್ಲಿಯೇ ವ್ಯಕ್ತಪಡಿಸಿದ್ದಾನೆ. ವ್ಯಯವಾದುದನ್ನು ತುಂಬಿಕೊಳ್ಳಬೇಕೆ ಎಂಬ ಪ್ರಶ್ನೆಯು ಹೀಗೆ ಮೊದಲು ಹುಟ್ಟಿದುದು ನ್ಯಾಯದ ಪ್ರಶ್ನೆಯಾಗಿ. ಮೈ ಕರಗಿಸುವ ಮಾತು ಆಗ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಜರ್ಮನಿಯ ಮ್ಯಾಕ್ಸ್ ರೂಬ್ನರ್, ನಾಯಿಗಳ ಮೇಲೆ ಪ್ರಯೋಗ ನಡೆಸಿ, ಪ್ರಾಣಿಯ ದೇಹದಲ್ಲಿಯೂ ಶಕ್ತಿಯ ಆಯವ್ಯಯಗಳು ಸರಿಹೋಗುತ್ತವೆಂಬುದನ್ನು ೧೮೯೪ರಲ್ಲಿ ತೋರಿಸಿಕೊಟ್ಟನು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರನೂ ಅವನ ಸಂಗಡಿಗರೂ ಮನುಷ್ಯನೊಬ್ಬನು ಕೆಲವು ದಿನ ಒಳಗೇ ವಾಸಿಸಬಹುದಾದ ಕೋಣೆಯೊಂದನ್ನು ನಿರ್ಮಿಸಿ, ಅವನು ವಿಶ್ರಮಿಸುವಾಗಲೂ ನೆಲೆಗೊಳಿಸಿದ ಸೈಕಲ್ಲನ್ನು ತುಳಿಯುವಾಗಲೂ ಹೊರಬರುವ ಶಾಖವನ್ನು ಅಳೆದರು. ಒಂದು ಗ್ರಾಂ ಸಸಾರಜನಕಕ್ಕೆ ೪, ಪಿಷ್ಟಕ್ಕೆ ೪, ಮೇದಸ್ಸಿಗೆ ೯ ಕ್ಯಾಲೊರಿ ಎಂದು ಇಂದಿಗೂ ಆಹಾರದ ಪೊಟ್ಟಣಗಳ ಮೇಲೆ ನಾವು ಕಾಣುವ ಲೆಕ್ಕಕ್ಕೆ ಮೂಲ ಇವರ ಕೆಲಸವೇ.

ಈ ಮಾನವು ಪ್ರಯೋಗಶಾಲೆಯಿಂದ ಮನೆಗೆ ಬಂದುದು ೧೯೧೮ರ ಸುಮಾರಿಗೆ. ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ ಆ ವರ್ಷ ಪ್ರಕಟಿಸಿದ ಪುಸ್ತಕವು, ರೊಟ್ಟಿಯ ತುಂಡನ್ನು ರೊಟ್ಟಿಯೆಂದು ಎಣಿಸದೆ ನೂರು ಕ್ಯಾಲೊರಿಯೆಂದು ಎಣಿಸಬೇಕೆಂದು ಸಾಮಾನ್ಯ ಗೃಹಿಣಿಯರಿಗೆ ಬೋಧಿಸಿತು. ಅಲ್ಲಿಂದ ಮುಂದೆ ಆಹಾರವೆಂದರೆ ಜಮೆ, ವ್ಯಾಯಾಮವೆಂದರೆ ಖರ್ಚು ಎಂಬ ಖಾತೆಪುಸ್ತಕದ ಭಾವನೆ ಜನರಲ್ಲಿ ಬೇರೂರಿತು.

೩. ಕ್ಷಾಮದ ಕೂಲಿಯ ಲೆಕ್ಕ

ಈ ಲೆಕ್ಕದ ಇನ್ನೊಂದು ಮುಖವನ್ನು ೧೮೭೬-೭೮ರ ಮಹಾಕ್ಷಾಮದಲ್ಲಿ ಕಾಣಬಹುದು. ಮದರಾಸು ಆಧಿಪತ್ಯದ ಜಿಲ್ಲೆಗಳೂ ಮೈಸೂರು ಸಂಸ್ಥಾನವೂ ಆ ಕ್ಷಾಮದಲ್ಲಿ ಬೆಂದುಹೋದವು. ೧೯೫೩ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಅತ್ಯಂತ ನೊಂದ ಪ್ರದೇಶಗಳಲ್ಲಿ ಒಂದು. ೧೮೭೭ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೆ ಅತ್ಯಲ್ಪವಾದ ಕಾಸು ಎಂಬ ಮಟ್ಟಕ್ಕೆ ಇಳಿಸಿದನು. ಹೆಚ್ಚಾಗಿ ಕೊಟ್ಟರೆ ಜನರು ಸರ್ಕಾರದ ಅನ್ನಕ್ಕೆ ಒಗ್ಗಿಹೋಗುವರೆಂಬುದು ಆ ಧೋರಣೆಯ ಹಿಂದಿನ ಭಯ.

ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ದುಡಿಯುವ ದೇಹಕ್ಕೆ ಕನಿಷ್ಠಪಕ್ಷ ಒಂದೂವರೆ ಪೌಂಡು ಧಾನ್ಯವೂ ಅದರ ಜೊತೆಗೆ ಬೇಳೆ ತರಕಾರಿಗಳೂ ಬೇಕೆಂಬುದು ಅವನ ವಾದ. ೧೮೭೭ರ ಮಾರ್ಚಿಯಲ್ಲಿ ಮದರಾಸು ಸರ್ಕಾರವು ಅರ್ಧದಾರಿ ಬಂದು, ಒಂದೂಕಾಲು ಪೌಂಡು ಧಾನ್ಯ ಮತ್ತು ಒಂದೂವರೆ ಔನ್ಸು ಬೇಳೆಯನ್ನು ಗೊತ್ತುಮಾಡಿತು.

ಅಂದಿನ ವಾದವು ಕ್ಯಾಲೊರಿಯ ಭಾಷೆಯಲ್ಲಿ ನಡೆಯಲಿಲ್ಲ. ಆದರೂ ಇಂದಿನ ಮಾನದಿಂದ ಅದನ್ನು ಅಳೆದು ನೋಡಬಹುದು. ಒಂದು ಪೌಂಡೆಂದರೆ ಸುಮಾರು ೪೫೪ ಗ್ರಾಂ; ನೂರು ಗ್ರಾಂ ಧಾನ್ಯಕ್ಕೆ ಸುಮಾರು ೩೪೦ ಕ್ಯಾಲೊರಿಯಂತೆ ಹಿಡಿದರೆ ಒಟ್ಟು ೧೫೪೦ರಷ್ಟಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ನೀಡಿದ ಮಾನದಂತೆ, ೬೫ ಕಿಲೋಗ್ರಾಂ ತೂಕದ ಗಂಡಸಿಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ ೨೧೧೦, ಮಧ್ಯಮ ದುಡಿಮೆಯಾದರೆ ೨೭೧೦, ಕಠಿನ ದುಡಿಮೆಯಾದರೆ ೩೪೭೦ ಕ್ಯಾಲೊರಿಗಳು ಬೇಕು. ಕ್ಷಾಮಪೀಡಿತನ ಮೈತೂಕ ಇದಕ್ಕಿಂತ ಬಹಳ ಕಡಿಮೆಯೆಂದು ಎಷ್ಟೇ ತಗ್ಗಿಸಿದರೂ, ಅವನು ಮಣ್ಣು ಅಗೆದು ಹೊತ್ತು ವ್ಯಯಮಾಡಿದುದನ್ನು ಆ ಕೂಲಿಯು ತುಂಬಿಕೊಡುತ್ತಿರಲಿಲ್ಲವೆಂಬುದು ಸ್ಪಷ್ಟ. ದುಡಿಮೆಯ ವ್ಯಯವನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಇದೇ ಪ್ರಮಾಣವು ಇನ್ನೊಂದು ಪ್ರಸಂಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪-೪೫ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಯುದ್ಧಕ್ಕೆ ಹೋಗಲೊಪ್ಪದ ೩೬ ಮಂದಿ ತರುಣ ಸ್ವಯಂಸೇವಕರಿಗೆ ೨೪ ವಾರಗಳ ಕಾಲ ಅರೆಹೊಟ್ಟೆಯ ಆಹಾರವನ್ನು ಕೊಟ್ಟು ಪರೀಕ್ಷಿಸಿದನು. ಅವರಿಗೆ ದೊರೆತುದು ದಿನಕ್ಕೆ ಸುಮಾರು ೧೫೭೦ ಕ್ಯಾಲೊರಿ. ಅದರ ಮೇಲೆ ವಾರಕ್ಕೆ ೨೨ ಮೈಲಿಗಳ ನಡಿಗೆ ಕಡ್ಡಾಯ. ಅವರ ತೂಕ ಸುಮಾರು ಕಾಲುಭಾಗದಷ್ಟು ಇಳಿಯಿತು. ಅದರೊಡನೆ ದೇಹದ ಮೂಲ ದಹನವೂ ಕುಗ್ಗಿತು, ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು, ಉತ್ಸಾಹ ಉಡುಗಿತು, ಅನ್ನದ ಹೊರತು ಬೇರೊಂದರ ಯೋಚನೆ ಅವರ ಮನಸ್ಸಿಗೆ ಹತ್ತದಾಯಿತು. ಎಂದರೆ ಖರ್ಚನ್ನು ತುಂಬಿಕೊಡದಿದ್ದರೆ ದೇಹವು ಸುಮ್ಮನಿರುವುದಿಲ್ಲ. ತನ್ನ ಇತರ ಖರ್ಚುಗಳನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ೧೯೫೦ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ಈ ಸಂಶೋಧನೆಯ ತಿರುಳಿನಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ ಇದೇ.

೪. ಸೆಣಬಿನ ಗಿರಣಿಯ ಸಾಕ್ಷ್ಯ

ಹಾಗಾದರೆ ದುಡಿಮೆಗೆ ತಕ್ಕಂತೆ ಹಸಿವು ತಾನಾಗಿಯೇ ಏರುವುದಿಲ್ಲವೆ? ಈ ಬಗ್ಗೆ ಬಹಳವಾಗಿ ಉಲ್ಲೇಖಗೊಂಡಿರುವ ಅಧ್ಯಯನವು ನಮ್ಮ ದೇಶದ್ದೇ. ಜಾನ್ ಮೇಯರ್ ಎಂಬ ವಿಜ್ಞಾನಿ ರಾಯ್ ಮತ್ತು ಮಿತ್ರ ಎಂಬವರೊಡನೆ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಪರಿಸರದಲ್ಲಿ ೨೧೩ ಮಂದಿಯ ಆಹಾರ, ತೂಕ ಮತ್ತು ಕೆಲಸಗಳನ್ನು ಪರಿಶೀಲಿಸಿ ೧೯೫೬ರಲ್ಲಿ ಪ್ರಕಟಿಸಿದನು. ಹಗುರವಾದ ಕೆಲಸದಿಂದ ಅತಿ ಕಠಿನವಾದ ಕೆಲಸದವರೆಗೆ, ದುಡಿಮೆ ಏರಿದಂತೆ ಊಟವೂ ಏರಿತ್ತು. ತೂಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆದರೆ ದಿನವಿಡೀ ಕುಳಿತೇ ಇರುವವರಲ್ಲಿ ಈ ಹೊಂದಾಣಿಕೆ ತಪ್ಪಿಹೋಗಿತ್ತು. ಅವರ ಊಟ ಕಡಿಮೆಯಾಗುವುದಕ್ಕೆ ಬದಲಾಗಿ ಹೆಚ್ಚೇ ಆಗಿತ್ತು, ತೂಕವೂ ಹೆಚ್ಚಾಗಿತ್ತು.

ಈ ಸಾಕ್ಷ್ಯವನ್ನು ಬಳಸುವಾಗ ಎಚ್ಚರಿಕೆ ಬೇಕು. ಕುಳಿತು ಕೆಲಸಮಾಡುವವನಿಗೂ ಹೊರೆ ಹೊರುವವನಿಗೂ ಇರುವ ಭೇದ ದುಡಿಮೆಯದು ಮಾತ್ರವಲ್ಲ. ಸಂಪಾದನೆ, ಮನೆಯ ಸ್ಥಿತಿ, ಪದವಿ ಇವೆಲ್ಲವೂ ಬೇರೆಬೇರೆ. ಒಬ್ಬನೇ ಮನುಷ್ಯನು ದುಡಿಮೆಯನ್ನು ಬದಲಾಯಿಸಿದಾಗ ಏನಾಗುವುದೆಂಬುದನ್ನು ಈ ಅಧ್ಯಯನವು ನೇರವಾಗಿ ಹೇಳಲಾರದು. ಆದರೂ ಅದರಿಂದ ಒಂದು ಸೂಚನೆಯನ್ನು ಪಡೆಯಬಹುದು. ಮೈಬಗ್ಗಿಸಿ ದುಡಿಯುವವನ ಹಸಿವನ್ನು ನಂಬಬಹುದು. ಕುಳಿತಿರುವವನ ಹಸಿವನ್ನು ಅಷ್ಟಾಗಿ ನಂಬಲಾಗದು. ತೂಕ ಇಳಿಸಲು ಹೊರಟ ಅಧ್ಯಾಪಕನು ಒಂದು ಗಂಟೆ ನಡೆದರೂ ಉಳಿದ ಹೊತ್ತೆಲ್ಲ ಎರಡನೆಯ ವರ್ಗಕ್ಕೇ ಸೇರಿದವನು.

೫. ಅಂಕಿಯ ಪ್ರಾಮಾಣ್ಯ

ಈಗ ಕೈಗಡಿಯಾರದ ಅಂಕಿಯನ್ನು ಪರಿಶೀಲಿಸೋಣ. ಅದರಲ್ಲಿ ನಾಲ್ಕು ಬಗೆಯ ದೋಷಗಳು ಸೇರಿಕೊಳ್ಳಬಹುದು.

ಮೊದಲನೆಯದು, ಸುಮ್ಮನಿದ್ದರೂ ಆಗುತ್ತಿದ್ದ ಖರ್ಚನ್ನು ವ್ಯಾಯಾಮದ ಖರ್ಚಿನಲ್ಲಿ ಸೇರಿಸುವುದು. ವಿಶ್ರಾಂತಿಯಲ್ಲಿರುವ ದೇಹವು ಒಂದು ಕಿಲೋಗ್ರಾಂ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿಯನ್ನು ವ್ಯಯಮಾಡುತ್ತದೆ. ಗಂಟೆಗೆ ಐದು ಕಿಲೋಮೀಟರಿನಂತೆ ನಡೆದರೆ ಇದರ ಸುಮಾರು ಮೂರೂವರೆಯಷ್ಟು. ೭೦ ಕಿಲೋಗ್ರಾಂ ತೂಕದವನಿಗೆ ಒಂದು ಗಂಟೆಯ ನಡಿಗೆಗೆ ಒಟ್ಟು ೨೪೫ ಕ್ಯಾಲೊರಿಯಾಯಿತು. ಆದರೆ ಅವನು ಆ ಗಂಟೆ ಕುರ್ಚಿಯಲ್ಲಿದ್ದರೂ ೭೦ ವ್ಯಯವಾಗುತ್ತಿತ್ತು. ಅದು ದಿನದ ಲೆಕ್ಕದಲ್ಲಿ ಆಗಲೇ ಸೇರಿದೆ. ಆದುದರಿಂದ ನಡಿಗೆಯ ನಿಜವಾದ ಹೆಚ್ಚುವರಿ ೧೭೫ ಮಾತ್ರ.

ಎರಡನೆಯದು, ಯಂತ್ರದ ಊಹೆ. ಕೈಗಡಿಯಾರವು ನಾಡಿಯ ಬಡಿತವನ್ನು ಅಳೆಯುತ್ತದೆ. ಕ್ಯಾಲೊರಿಯನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೧೭ರಲ್ಲಿ ೬೦ ಮಂದಿಯ ಮೇಲೆ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ನಾಡಿಯ ಬಡಿತವನ್ನು ನೂರಕ್ಕೆ ಐದಕ್ಕಿಂತ ಕಡಿಮೆ ತಪ್ಪಿನಿಂದ ತೋರಿಸಿದುವು. ಶಕ್ತಿಯ ವ್ಯಯದಲ್ಲಿಯಾದರೋ ಎಲ್ಲಕ್ಕಿಂತ ಉತ್ತಮವಾದುದರ ಸರಾಸರಿ ತಪ್ಪು ನೂರಕ್ಕೆ ೨೭. ಎಲ್ಲಕ್ಕಿಂತ ಕಳಪೆಯಾದುದರದು ನೂರಕ್ಕೆ ೯೩. ಆ ಬಳಿಕ ಸಾಧನಗಳು ಸುಧಾರಿಸಿರಬಹುದು. ಆದರೆ ಊಹೆಯು ಊಹೆಯೇ.

ಮೂರನೆಯದು, ಒಂದೇ ಖರ್ಚನ್ನು ಎರಡು ಸಲ ಬರೆಯುವುದು. ಆಹಾರದ ಮಿತಿಯನ್ನು ಗೊತ್ತುಮಾಡುವಾಗಲೇ ತನ್ನನ್ನು ಮಧ್ಯಮ ದುಡಿಮೆಯವನೆಂದು ಹೇಳಿಕೊಂಡವನು ೨೧೧೦ಕ್ಕೆ ಬದಲು ೨೭೧೦ರಿಂದ ಲೆಕ್ಕವನ್ನು ಆರಂಭಿಸುತ್ತಾನೆ. ಆ ೬೦೦ರ ವ್ಯತ್ಯಾಸದಲ್ಲಿ ಅವನ ನಡಿಗೆ ಓಟಗಳೆಲ್ಲ ಅಡಗಿವೆ. ಅದರ ಮೇಲೆ ಪ್ರತಿದಿನದ ವ್ಯಾಯಾಮವನ್ನೂ ಪ್ರತ್ಯೇಕವಾಗಿ ಕೂಡಿಸಿದರೆ ಲೆಕ್ಕವು ಬುಡದಲ್ಲೇ ಕೆಡುತ್ತದೆ.

ನಾಲ್ಕನೆಯದು, ದೇಹವು ಮಾಡಿಕೊಳ್ಳುವ ಹೊಂದಾಣಿಕೆ. ಜಲಜನಕ ಮತ್ತು ಆಮ್ಲಜನಕಗಳ ಭಾರವಾದ ಪರಮಾಣುಗಳಿಂದ ಕೂಡಿದ ನೀರನ್ನು ಕುಡಿಸಿ, ಅವು ಮೂತ್ರದಲ್ಲಿ ಕ್ಷಯಿಸುವ ವೇಗದಿಂದ ಹಲವು ದಿನಗಳ ಶಕ್ತಿವ್ಯಯವನ್ನು ತಿಳಿಯುವ ವಿಧಾನವನ್ನು ಲಿಫ್ಸನ್ ಮತ್ತು ಅವನ ಸಂಗಡಿಗರು ೧೯೫೦ರ ದಶಕದಲ್ಲಿ ಸಣ್ಣ ಪ್ರಾಣಿಗಳಿಗೆ ಬಳಸಿದರು. ೧೯೮೦ರ ದಶಕದಲ್ಲಿ ಅದು ಮನುಷ್ಯರಿಗೂ ಬಂದಿತು. ಈ ವಿಧಾನದಿಂದ ಟಾಂಜಾನಿಯದ ಹಾಡ್ಜಾ ಎಂಬ ಬೇಟೆಗಾರ ಜನಾಂಗವನ್ನು ಪರೀಕ್ಷಿಸಿದ ಪಾಂಟ್ಜರ್ ಮತ್ತು ಸಂಗಡಿಗರು, ದೇಹದ ಗಾತ್ರವನ್ನು ಪರಿಗಣಿಸಿದ ಮೇಲೆ ಅವರ ದಿನದ ಒಟ್ಟು ವ್ಯಯವು ಪಾಶ್ಚಾತ್ಯ ನಗರವಾಸಿಗಳ ವ್ಯಯಕ್ಕಿಂತ ಹೆಚ್ಚಾಗಿಲ್ಲವೆಂದು ೨೦೧೨ರಲ್ಲಿ ವರದಿಮಾಡಿದರು. ೧೭೫೪ ಮಂದಿ ವಯಸ್ಕರ ಅಳತೆಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯು, ಚಟುವಟಿಕೆಯಲ್ಲಿ ವ್ಯಯವಾದ ನೂರು ಕ್ಯಾಲೊರಿಗಳಲ್ಲಿ ಸರಾಸರಿ ೨೮ನ್ನು ದೇಹವು ಬೇರೆ ಕಡೆ ಉಳಿತಾಯಮಾಡಿಕೊಳ್ಳುತ್ತದೆಂದು ತಿಳಿಸಿತು. ಈ ಉಳಿತಾಯವು ಎಲ್ಲರಲ್ಲಿಯೂ ಒಂದೇ ಸಮನಲ್ಲ. ಅದು ಎಷ್ಟರಮಟ್ಟಿಗೆ ನಡೆಯುವುದೆಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಏಕಾಭಿಪ್ರಾಯವಿಲ್ಲ.

ಇವನ್ನೆಲ್ಲ ಕೂಡಿಸಿ ನೋಡೋಣ. ಮೇಲಿನ ನಡಿಗೆಯ ೨೪೫ನ್ನು ಯಂತ್ರವು ನೂರಕ್ಕೆ ೨೭ರಷ್ಟು ಹೆಚ್ಚಾಗಿ ತೋರಿಸಿತೆನ್ನೋಣ. ಅಂಕಿ ಸುಮಾರು ೩೧೦. ನಿಜವಾದ ಹೆಚ್ಚುವರಿ ೧೭೫. ಅದರಲ್ಲಿ ನೂರಕ್ಕೆ ೨೮ನ್ನು ಕಳೆದರೆ ಉಳಿಯುವುದು ಸುಮಾರು ೧೨೫. ದಿನಕ್ಕೆ ೩೦೦ ಕ್ಯಾಲೊರಿಯ ಕೊರತೆಯನ್ನು ಉದ್ದೇಶಿಸಿದವನು ಈ ೩೧೦ನ್ನೂ ತಿರುಗಿ ತಿಂದರೆ ಅವನಿಗೆ ಉಳಿಯುವ ಕೊರತೆ ೧೧೫ ಮಾತ್ರ. ಏನನ್ನೂ ಹೆಚ್ಚಿಗೆ ತಿನ್ನದಿದ್ದರೆ ೪೨೫. ಒಂದು ಕಿಲೋಗ್ರಾಂ ಮೈಕೊಬ್ಬಿಗೆ ಸುಮಾರು ೭೭೦೦ ಕ್ಯಾಲೊರಿ ಎಂಬ ರೂಢಿಯ ಲೆಕ್ಕವನ್ನು, ಎಂದರೆ ೧೯೫೮ರಲ್ಲಿ ವಿಶ್ನೋಫ್‌ಸ್ಕಿ ಎಂಬ ವೈದ್ಯನು ಪೌಂಡಿಗೆ ೩೫೦೦ ಎಂದು ಹೇಳಿದುದನ್ನು ಹಿಡಿದರೆ, ಮೊದಲನೆಯವನಿಗೆ ಒಂದು ಕಿಲೋಗ್ರಾಂ ಇಳಿಯಲು ೬೭ ದಿನ ಬೇಕು. ಎರಡನೆಯವನಿಗೆ ೧೮ ದಿನ. ತೂಕ ಇಳಿದಂತೆಲ್ಲ ದೇಹದ ಖರ್ಚೂ ಇಳಿಯುವುದರಿಂದ ಈ ಲೆಕ್ಕ ಬಹುಕಾಲ ನಿಲ್ಲದು. ಆದರೆ ಆರಂಭದ ವಾರಗಳಲ್ಲಿ ಇಬ್ಬರಿಗೂ ಇರುವ ಅಂತರವನ್ನು ಇದು ಸರಿಯಾಗಿಯೇ ತೋರಿಸುತ್ತದೆ.

ಇಷ್ಟೂ ಖರ್ಚಿನ ಕಡೆಯ ಮಾತು. ಜಮೆಯ ಕಡೆಯ ಸಾಕ್ಷಿ ಇನ್ನೂ ದುರ್ಬಲ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯದೆಂದು ದೂರಿದವರನ್ನು ೧೯೯೨ರಲ್ಲಿ ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದಾಗ, ಅವರು ತಮ್ಮ ಆಹಾರವನ್ನು ಸರಾಸರಿ ನೂರಕ್ಕೆ ೪೭ರಷ್ಟು ಕಡಿಮೆಯಾಗಿಯೂ ಚಟುವಟಿಕೆಯನ್ನು ನೂರಕ್ಕೆ ೫೧ರಷ್ಟು ಹೆಚ್ಚಾಗಿಯೂ ಹೇಳಿದ್ದರೆಂದು ಕಂಡುಬಂದಿತು. ಇದನ್ನು ಸುಳ್ಳೆನ್ನಲಾಗದು, ನೆನಪಿನ ಸ್ವಭಾವವೇ ಹಾಗೆ. ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ಸುಮಾರು ೧೨೦ ಕ್ಯಾಲೊರಿಗಳಿವೆ. ಎಂದರೆ ಮೇಲೆ ಹೇಳಿದ ಒಂದು ಗಂಟೆಯ ನಡಿಗೆಯ ಫಲವೆಲ್ಲ ಆ ಒಂದು ಚಮಚದಲ್ಲಿ ತೀರಿಹೋಗುತ್ತದೆ.

೬. ಎದುರುಪಕ್ಷದ ಬಲ

ಹಾಗೆಂದು ವ್ಯಾಯಾಮದ ವ್ಯಯವನ್ನು ಎಂದಿಗೂ ತುಂಬಿಕೊಳ್ಳಕೂಡದೆಂದು ಸಾರುವುದು ಟೆಂಪಲ್ಲನ ತಪ್ಪನ್ನೇ ಮತ್ತೆ ಮಾಡಿದಂತೆ. ದೀರ್ಘಕಾಲ ಶ್ರಮಿಸುವ ದೇಹಕ್ಕೆ ಬೇರೊಂದು ಲೆಕ್ಕವಿದೆ. ತಿಂದ ಆಹಾರದ ಕ್ಯಾಲೊರಿಗಳಿಂದ ವ್ಯಾಯಾಮದ ವ್ಯಯವನ್ನು ಕಳೆದು, ಉಳಿದುದನ್ನು ಮೇದಸ್ಸನ್ನು ಬಿಟ್ಟು ಮಿಕ್ಕ ದೇಹದ ತೂಕದಿಂದ ಭಾಗಿಸಿದರೆ, ಹೃದಯ, ಮೂಳೆ, ರಕ್ತ, ಸಂತಾನಶಕ್ತಿ ಮೊದಲಾದುವುಗಳ ಪೋಷಣೆಗೆ ಉಳಿಯುವ ಪಾಲು ತಿಳಿಯುತ್ತದೆ. ಈ ಪಾಲು ಕಿಲೋಗ್ರಾಮಿಗೆ ದಿನವೊಂದಕ್ಕೆ ೩೦ ಕ್ಯಾಲೊರಿಗಿಂತ ಕೆಳಗಿಳಿದರೆ ತರುಣಿಯರಲ್ಲಿ ಋತುಚಕ್ರವನ್ನು ನಡೆಸುವ ಗ್ರಂಥಿಸ್ರಾವಗಳು ಏರುಪೇರಾಗುತ್ತವೆಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಈ ಕೊರತೆಯು ಸ್ತ್ರೀಪುರುಷರಿಬ್ಬರಿಗೂ ಸಂಬಂಧಿಸಿದ ವ್ಯಾಧಿಲಕ್ಷಣವೆಂದು ಪರಿಗಣಿಸಿ ಎಚ್ಚರಿಕೆ ಕೊಟ್ಟಿತು. ೩೦ ಎಂಬುದು ಎಲ್ಲರಿಗೂ ಒಪ್ಪುವ ಗೆರೆಯಲ್ಲ. ಆದರೂ ಗುರುತಿಗೆ ಉಪಯುಕ್ತ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೫೫ ಕಿಲೋಗ್ರಾಂ ತೂಕದ ವಿದ್ಯಾರ್ಥಿನಿಯೊಬ್ಬಳಲ್ಲಿ ಮೇದಸ್ಸನ್ನು ಬಿಟ್ಟ ತೂಕ ೪೦ ಕಿಲೋಗ್ರಾಂ ಎನ್ನೋಣ. ಅವಳು ದಿನಕ್ಕೆ ೧೫೦೦ ಕ್ಯಾಲೊರಿಯ ಊಟವನ್ನು ಮಾಡಿ ಒಂದು ಗಂಟೆ ನಡೆದರೆ ನಡಿಗೆಗೆ ಸುಮಾರು ೧೪೦ ಹೋಗಿ ೧೩೬೦ ಉಳಿಯುತ್ತದೆ, ಕಿಲೋಗ್ರಾಮಿಗೆ ೩೪. ಇದರಲ್ಲಿ ಭಯವಿಲ್ಲ. ಅವಳೇ ಓಟದ ಸ್ಪರ್ಧೆಗೋ ಪೋಲೀಸ್ ನೇಮಕದ ದೇಹದಾರ್ಢ್ಯ ಪರೀಕ್ಷೆಗೋ ಸಿದ್ಧಳಾಗುತ್ತ ದಿನಕ್ಕೆ ೬೦೦ ಕ್ಯಾಲೊರಿಯಷ್ಟು ಶ್ರಮಿಸಿ ಅದೇ ೧೫೦೦ರಲ್ಲಿಯೇ ಇದ್ದರೆ ಉಳಿಯುವುದು ೯೦೦, ಕಿಲೋಗ್ರಾಮಿಗೆ ಇಪ್ಪತ್ತೆರಡೂವರೆ. ಈ ಸ್ಥಿತಿ ತಿಂಗಳುಗಟ್ಟಲೆ ಮುಂದುವರಿದರೆ ಮುಟ್ಟು ನಿಲ್ಲುವುದು, ಮೂಳೆ ಸವೆದು ಬಿರಿಯುವುದು, ನಿದ್ರೆಗೆಡುವುದು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇವು ಸಂಭವನೀಯ. ಮುಂಜಾನೆ ಮೈದಾನದಲ್ಲಿ ಓಡಿ, ತಿಂಡಿಯನ್ನು ಬಿಟ್ಟು ತರಗತಿಗೆ ಬಂದು ಕುಳಿತುಕೊಳ್ಳುವ ವಿದ್ಯಾರ್ಥಿಗಳನ್ನು ನಾವೆಲ್ಲರೂ ಬಲ್ಲೆವು. ಅವರಲ್ಲಿ ಕಾಣುವ ಮಂಕನ್ನು ಸೋಮಾರಿತನವೆಂದು ನಿರ್ಣಯಿಸುವ ಮುನ್ನ ಅವರು ಏನನ್ನು ಉಂಡರೆಂದು ಕೇಳುವುದು ಅಧ್ಯಾಪಕರ ಕರ್ತವ್ಯ.

೭. ನಿರ್ಣಯ

ಮೇಲಿನ ವಿವೇಚನೆಯಿಂದ ಫಲಿಸುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು.

(ಅ) ಲೆಕ್ಕವನ್ನು ಕುಳಿತು ಬಾಳುವವನ ಅಗತ್ಯದಿಂದ ಆರಂಭಿಸಬೇಕು. ವ್ಯಾಯಾಮವನ್ನು ಒಂದೇ ಕಡೆ ಬರೆಯಬೇಕು. ದುಡಿಮೆಯ ವರ್ಗವನ್ನು ಏರಿಸಿಕೊಂಡವನು ದಿನದಿನದ ವ್ಯಾಯಾಮವನ್ನು ಮತ್ತೆ ಕೂಡಿಸಲಾಗದು.

(ಆ) ದಿನಕ್ಕೆ ಒಂದು ಗಂಟೆಯೊಳಗಿನ ನಡಿಗೆ, ಆಸನಗಳು, ಮನೆಗೆಲಸ ಇವುಗಳ ವ್ಯಯವನ್ನು ತೂಕವಿಳಿಸುವವನು ತುಂಬಿಕೊಳ್ಳಬೇಕಾಗಿಲ್ಲ. ಅವನ ಮೂಲ ಆಹಾರವು ತೀರ ಕಡಿಮೆಯಾಗಿಲ್ಲವೆಂಬುದು ಇಲ್ಲಿನ ನಿಬಂಧನೆ.

(ಇ) ಓಟ, ಈಜು, ಕಬಡ್ಡಿ ಮೊದಲಾದ ಬಿರುಸಾದ ವ್ಯಾಯಾಮವು ಒಂದು ಗಂಟೆಯನ್ನು ಮೀರಿದರೆ, ಯಂತ್ರವು ತೋರಿಸಿದ ಅಂಕಿಯ ಅರ್ಧದಷ್ಟನ್ನು ತುಂಬಿಕೊಳ್ಳುವುದು ಯುಕ್ತ. ಅರ್ಧವೆಂಬುದು ಶಾಸ್ತ್ರವಾಕ್ಯವಲ್ಲ; ಮೇಲೆ ಎಣಿಸಿದ ದೋಷಗಳಿಗೆಲ್ಲ ಎಡೆಗೊಡುವ ಒಂದು ಅಂದಾಜು. ಅದನ್ನು ಎಣ್ಣೆ ಸಕ್ಕರೆಗಳಿಗಿಂತ ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆ, ರಾಗಿ ಇವುಗಳಿಂದ ತುಂಬಿಕೊಂಡರೆ ಮಾಂಸಖಂಡದ ನಷ್ಟ ಕಡಿಮೆಯಾಗುತ್ತದೆ.

(ಈ) ಕ್ರೀಡಾಪಟುಗಳು, ಇನ್ನೂ ಬೆಳೆಯುತ್ತಿರುವ ಹದಿವಯಸ್ಸಿನವರು, ಹೊಲದಲ್ಲಿಯೋ ಕಟ್ಟಡದಲ್ಲಿಯೋ ದುಡಿಯುವವರು ತಮ್ಮ ಶ್ರಮದ ವ್ಯಯವನ್ನು ತುಂಬಿಕೊಳ್ಳಲೇಬೇಕು. ಗರ್ಭಿಣಿಯರೂ ಬಾಣಂತಿಯರೂ ಈ ಬಗೆಯ ಕೊರತೆಯ ಲೆಕ್ಕಕ್ಕೆ ತಾವಾಗಿ ಇಳಿಯಕೂಡದು. ಸಕ್ಕರೆರೋಗಕ್ಕೆ ಇನ್ಸುಲಿನ್ನನ್ನಾಗಲಿ ರಕ್ತದ ಸಕ್ಕರೆಯನ್ನು ತೀರ ಇಳಿಸಬಲ್ಲ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರು ಆಹಾರವನ್ನೂ ವ್ಯಾಯಾಮವನ್ನೂ ಬದಲಾಯಿಸುವ ಮುನ್ನ ವೈದ್ಯರನ್ನು ಕಾಣಬೇಕು.

(ಉ) ಅಂತಿಮ ಪ್ರಮಾಣವು ಯಂತ್ರದ ಅಂಕಿಯಲ್ಲ, ದೇಹವೇ. ದಿನವೂ ಬೆಳಗ್ಗೆ ತೂಗಿ ವಾರದ ಸರಾಸರಿಯನ್ನು ಬರೆದಿಟ್ಟು ನಾಲ್ಕು ವಾರಗಳ ಬಳಿಕ ನೋಡಬೇಕು. ವಾರಕ್ಕೆ ಅರ್ಧ ಕಿಲೋಗ್ರಾಮಿನಿಂದ ಒಂದು ಕಿಲೋಗ್ರಾಮಿನವರೆಗೆ ಇಳಿಯುತ್ತಿದ್ದರೆ ಲೆಕ್ಕ ಸರಿಯಾಗಿದೆ. ಅದಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ, ಅಥವಾ ಚಳಿ, ಆಯಾಸ, ನಿದ್ರಾಹೀನತೆಗಳು ತೋರಿದರೆ, ಊಟವನ್ನು ಹೆಚ್ಚಿಸಬೇಕು. ಇಳಿಯದೆ ನಿಂತಿದ್ದರೆ ಮೊದಲು ಬರವಣಿಗೆಯ ಲೆಕ್ಕವನ್ನು ಸಂಶಯಿಸಬೇಕು, ದೇಹವನ್ನು ಆಮೇಲೆ.

ಕಡೆಯದಾಗಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಮಾತು. ದುಡಿಮೆಗೂ ಅನ್ನಕ್ಕೂ ಇರುವ ಸಂಬಂಧವನ್ನು ಆಡಳಿತಗಳು ಹೇಗೆ ಎಣಿಸಿದುವೆಂಬುದಕ್ಕೆ ಕ್ಷಾಮಪರಿಹಾರದ ವರದಿಗಳಲ್ಲಿಯೂ ಸೆರೆಮನೆಗಳ ಆಹಾರಪಟ್ಟಿಗಳಲ್ಲಿಯೂ ಹೇರಳವಾದ ಸಾಮಗ್ರಿಯಿದೆ. ಬಳ್ಳಾರಿ ಮತ್ತು ಹಳೆಯ ಮೈಸೂರು ಜಿಲ್ಲೆಗಳ ಇಂಥ ಪಟ್ಟಿಗಳನ್ನು ಒಂದೆಡೆ ಕಲೆಹಾಕಿ, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಎಂದು ಹೋಲಿಸಿದರೆ ಒಂದು ಉಪಯುಕ್ತವಾದ ಪ್ರಬಂಧವಾದೀತು. ಉಣ್ಣುವುದನ್ನು ತಾನೇ ತಗ್ಗಿಸಿಕೊಳ್ಳುವವನೂ ಇತರರ ಆಜ್ಞೆಯಿಂದ ಅರೆಹೊಟ್ಟೆಯಲ್ಲಿ ದುಡಿದವನೂ ಒಂದೇ ಗಣಿತಕ್ಕೆ ಒಳಪಟ್ಟವರು. ಅವರಿಬ್ಬರ ಭೇದವನ್ನು ಆ ಗಣಿತವು ಹೇಳಲಾರದು. ಅದನ್ನು ದಾಖಲೆಗಳಿಂದ ತೋರಿಸಿಕೊಡುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸ.